ಮಾರಿಕಣಿವೆಯ ನೀರು, ಶಿವನಸಮುದ್ರದ ಬೆಳಕು: ದಿವಾನ್ ಶೇಷಾದ್ರಿ ಅಯ್ಯರ್ ನಂಬಿದ ಒಂದು ಲೆಕ್ಕ

ಮೊಳಕಾಲ್ಮೂರು: ಬ್ರಹ್ಮಗಿರಿಯ ತಪ್ಪಲಿನಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ಕಲ್ಲುಗುಡ್ಡ, ಕುರುಚಲು ಗಿಡ, ಅಲ್ಲಲ್ಲಿ ಶೇಂಗಾ ಹೊಲ ಮತ್ತು ಹೊಲಗಳ ಅಂಚಿನಲ್ಲಿ ಸಾಗುವ ವಿದ್ಯುತ್ ಕಂಬಗಳ ಸಾಲು. ಇಲ್ಲಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಆಜ್ಞೆಯನ್ನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ನಂತರ, 1892ರಲ್ಲಿ, ಬಿ.ಎಲ್. ರೈಸ್ ಅವರು ಪತ್ತೆಹಚ್ಚಿ ಜಗತ್ತಿಗೆ ತಿಳಿಸಿದರು. ರೈಸ್ ಅವರ ಹೆಸರು ಶಾಲಾ ಪಠ್ಯಗಳಲ್ಲಿದೆ. ಆದರೆ ಅವರು ಈ ಬೆಟ್ಟದ ಬುಡಕ್ಕೆ ಬಂದಾಗ ಮೈಸೂರು ಸಂಸ್ಥಾನದ ಆಡಳಿತದ ಚುಕ್ಕಾಣಿ ಹಿಡಿದಿದ್ದ ದಿವಾನರು ಯಾರೆಂಬುದನ್ನು ಈ ಭಾಗದಲ್ಲಿ ನೆನೆಯುವವರು ವಿರಳ.

ಅವರು ಸರ್ ಕೆ. ಶೇಷಾದ್ರಿ ಅಯ್ಯರ್. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಅವರ ಕಾಲದ ದೊಡ್ಡ ಕುರುಹು ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು, ಅಂದರೆ ಇಂದಿನ ವಾಣಿವಿಲಾಸ ಸಾಗರ. ಆ ಕಣಿವೆಯನ್ನು ದಾಟಿದ ನದಿಯೇ ಮುಂದೆ ಚಳ್ಳಕೆರೆ ತಾಲ್ಲೂಕಿನೊಳಗೆ ಹರಿಯುತ್ತದೆ. ಇಡೀ ರಾಜ್ಯದ ಮಟ್ಟಿಗೆ ಅವರ ಕಾಲದ ದೊಡ್ಡ ಕುರುಹು ಕಾವೇರಿಯ ಶಿವನಸಮುದ್ರ ವಿದ್ಯುತ್ ಯೋಜನೆ. ಎರಡೂ ಕಾಮಗಾರಿಗಳು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ನಡೆದವು. ಎರಡಕ್ಕೂ ಬೊಕ್ಕಸದ ಭಾರೀ ಹಣ ಹರಿಯಿತು. ಎರಡೂ ಪೂರ್ಣಗೊಳ್ಳುವುದನ್ನು ನೋಡಲು ದಿವಾನರು ಬದುಕಿರಲಿಲ್ಲ.

ಈ ಎರಡರಲ್ಲಿ ಒಂದು ಯೋಜನೆ ಮಳೆಯನ್ನು ನಂಬಿತ್ತು. ಇನ್ನೊಂದು ತಾಮ್ರದ ತಂತಿಯನ್ನು ನಂಬಿತ್ತು. ಮಳೆಯ ಲೆಕ್ಕ ಫಲಿಸಲು ದಶಕಗಳೇ ಬೇಕಾದವು. ತಂತಿಯ ಲೆಕ್ಕ ಮೊದಲ ದಿನವೇ ಸರಿಹೋಯಿತು. ಆ ಎರಡನೆಯ ಲೆಕ್ಕವನ್ನು ಇಂದು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ವೋಲ್ಟೇಜ್ ಮತ್ತು ಕರೆಂಟು ಗೊತ್ತಿದ್ದರೆ ತಂತಿಯ ರೋಧವನ್ನೂ ಅದು ಸಾಗಿಸುವ ವಿದ್ಯುತ್ ಸಾಮರ್ಥ್ಯವನ್ನೂ ಕಂಡುಹಿಡಿಯುವ ಲೆಕ್ಕ ಅದು.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಜನಿಸಿದ್ದು 1845ರ ಜೂನ್ 1ರಂದು, ಆಗಿನ ಮಲಬಾರ್ ಪ್ರಾಂತ್ಯದ ಪಾಲಕ್ಕಾಡಿನ ಬಳಿಯ ಕುಮಾರಪುರಂನಲ್ಲಿ. ಕಲ್ಲಿಕೋಟೆಯಲ್ಲಿ ಶಾಲಾ ಶಿಕ್ಷಣ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ 1868ರಲ್ಲಿ ಬಿ.ಎ. ಪದವೀಧರರಾದರು. ಆ ಕಾಲದಲ್ಲಿ ಇಂತಹ ಪದವಿ ಪಡೆದ ಯುವಕನಿಗೆ ಸರ್ಕಾರಿ ನೌಕರಿಯ ಬಾಗಿಲು ತಾನಾಗಿಯೇ ತೆರೆಯುತ್ತಿತ್ತು. ಅದೇ ವರ್ಷ ಮೈಸೂರಿನ ಸೇವೆಗೆ ಬಂದಿದ್ದ ಸಿ. ರಂಗಾಚಾರ್ಲು ಅವರು ಈ ತರುಣನನ್ನು ಗುರುತಿಸಿ ಸಂಸ್ಥಾನಕ್ಕೆ ಕರೆತಂದರು. ಅಷ್ಟಗ್ರಾಮ ವಿಭಾಗದ ನ್ಯಾಯಾಲಯದಲ್ಲಿ ಶಿರಸ್ತೇದಾರ್ ಹುದ್ದೆಯಿಂದ ಅಯ್ಯರ್ ಅವರ ವೃತ್ತಿಜೀವನ ಆರಂಭವಾಯಿತು. ನೌಕರಿಯಲ್ಲಿದ್ದುಕೊಂಡೇ 1874ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಅವರು ಮೂಲತಃ ನ್ಯಾಯಾಂಗದ ಮನುಷ್ಯರು. ಭೌತಶಾಸ್ತ್ರವಾಗಲಿ ಎಂಜಿನಿಯರಿಂಗ್ ಆಗಲಿ ಅವರ ಕ್ಷೇತ್ರವಾಗಿರಲಿಲ್ಲ. ಸಾಕ್ಷ್ಯವನ್ನು ತೂಗಿ, ವಾದದಲ್ಲಿನ ಬಿರುಕನ್ನು ಹುಡುಕಿ, ಕೊನೆಗೆ ತೀರ್ಪಿಗೆ ಬರುವ ಅಭ್ಯಾಸ ಅವರದು. ಮುಂದೆ ವಿದ್ಯುತ್ತಿನ ವಿಚಾರದಲ್ಲಿ ಅವರ ನೆರವಿಗೆ ಬಂದದ್ದು ಬಹುಶಃ ಇದೇ ಅಭ್ಯಾಸ.

1876ರಿಂದ 1878ರವರೆಗೆ ಮೈಸೂರನ್ನು ಕಾಡಿದ ಭೀಕರ ಬರಗಾಲ ಜನರನ್ನೂ ಜಾನುವಾರುಗಳನ್ನೂ ಬಲಿ ತೆಗೆದುಕೊಂಡು, ಸಂಸ್ಥಾನವನ್ನು ಸಾಲದ ಹೊರೆಗೆ ತಳ್ಳಿತ್ತು. ಅದರ ಬೆನ್ನಿಗೇ, 1879ರಲ್ಲಿ, ಅಯ್ಯರ್ ಅವರು ತುಮಕೂರಿನ ಡೆಪ್ಯುಟಿ ಕಮಿಷನರ್ ಆದರು. ಪಾವಗಡ, ಸಿರಾ, ಮಧುಗಿರಿಗಳಿರುವ ಆ ಜಿಲ್ಲೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನಂತೆಯೇ ಮಳೆ ಕೈಕೊಡುವ ಬಯಲುಸೀಮೆ. ಕೆರೆ ಒಣಗಿದ ಊರುಗಳ ಕಷ್ಟ ಏನೆಂಬುದು ಅವರಿಗೆ ಕಡತದಿಂದಷ್ಟೇ ತಿಳಿದ ವಿಷಯವಾಗಿ ಉಳಿಯಲಿಲ್ಲ.

1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರ್ ಮನೆತನಕ್ಕೆ ಮರಳಿಸಿದರು. ಚಾಮರಾಜೇಂದ್ರ ಒಡೆಯರ್ ಅವರು ಪಟ್ಟಕ್ಕೆ ಬಂದರು, ರಂಗಾಚಾರ್ಲು ದಿವಾನರಾದರು. ಎರಡೇ ವರ್ಷಗಳಲ್ಲಿ, 1883ರ ಜನವರಿಯಲ್ಲಿ, ರಂಗಾಚಾರ್ಲು ನಿಧನರಾದಾಗ ಆ ಸ್ಥಾನ ಮೂವತ್ತೇಳರ ಹರೆಯದ ಶೇಷಾದ್ರಿ ಅಯ್ಯರ್ ಅವರಿಗೆ ಬಂತು. ಅಲ್ಲಿಂದ ಸುಮಾರು 18 ವರ್ಷ ಅವರು ದಿವಾನರಾಗಿದ್ದರು. 1881ರ ನಂತರದ ಮೈಸೂರಿನ ದಿವಾನರ ಪೈಕಿ ಅಷ್ಟು ದೀರ್ಘಕಾಲ ಅಧಿಕಾರದಲ್ಲಿದ್ದವರು ಬೇರೊಬ್ಬರಿಲ್ಲ.

ಮೆಚ್ಚುಗೆಯೂ ಟೀಕೆಯೂ

ಆ 18 ವರ್ಷಗಳ ಪಟ್ಟಿ ದೊಡ್ಡದು. ಬರಗಾಲದ ಸಾಲ ತೀರಿತು. ರೈಲು ಮಾರ್ಗ ವಿಸ್ತರಿಸಿತು. 1894ರಲ್ಲಿ ಕೋಲಾರದ ಚಿನ್ನದ ಗಣಿಗೂ ರೈಲು ತಲುಪಿತು. 1891ರಿಂದ ಸಂಸ್ಥಾನದ ಉನ್ನತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಯಲಾರಂಭಿಸಿತು. 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾನೂನು ಬಂತು. ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿಯ ನೀರು ಹರಿಯಿತು. 1898ರಲ್ಲಿ ಬೆಂಗಳೂರನ್ನು ಪ್ಲೇಗ್ ಆವರಿಸಿದ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪ ಪಡೆದವು. ಜೆಮ್‌ಷೆಡ್‌ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆ ಬೆಂಗಳೂರಿಗೆ ಬರಲು ಅಗತ್ಯವಾದ ಬೆಂಬಲ ದೊರೆತದ್ದೂ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಟೀಕೆಯ ಪಟ್ಟಿಯೂ ಸಣ್ಣದಲ್ಲ. ಮದರಾಸು ಪ್ರಾಂತ್ಯದವರಿಗೆ, ಅದರಲ್ಲೂ ತಮ್ಮವರಿಗೆ, ದೊಡ್ಡ ಹುದ್ದೆಗಳನ್ನು ಹಂಚುತ್ತಾರೆ ಎಂಬ ಅಸಮಾಧಾನ ಮೈಸೂರಿಗರಲ್ಲಿ ಬಲವಾಗಿತ್ತು. ಸ್ಥಳೀಯ ಪತ್ರಿಕೆಗಳು ಅವರನ್ನು ಬಿಡದೆ ಟೀಕಿಸಿದವು. ಎಲ್ಲ ಅಧಿಕಾರವನ್ನೂ ತಮ್ಮ ಮೇಜಿನ ಮೇಲೆಯೇ ಇಟ್ಟುಕೊಳ್ಳುವ ದಿವಾನರೆಂಬ ಆಪಾದನೆಯೂ ಇತ್ತು. ಇದಕ್ಕೆ ಕಾರಣಗಳಿರಲಿಲ್ಲವೆಂದು ಹೇಳಲಾಗದು. ಹೊರಗಿನವರೆಂಬ ಹಣೆಪಟ್ಟಿ ಹೊತ್ತ ದಿವಾನರೊಬ್ಬರು ಬೊಕ್ಕಸದ ಹಣವನ್ನು ಯಾರೂ ಕಾಣದ ವಿದ್ಯುತ್ತಿಗೆ ಸುರಿದು, ಅದು ಕೈಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಅವರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದರು. ಯುವರಾಜ ಕೃಷ್ಣರಾಜ ಒಡೆಯರ್ ಅವರಿಗೆ ಆಗ ಕೇವಲ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರು ರಾಜಪ್ರತಿನಿಧಿಯಾದರು. ಮಾರಿಕಣಿವೆ ಮತ್ತು ಶಿವನಸಮುದ್ರ ಎರಡೂ ಈ ರಾಜಪ್ರತಿನಿಧಿ ಆಡಳಿತದ ಕಾಲದ ನಿರ್ಧಾರಗಳು. ಅರಸರಿಲ್ಲದ ವೇಳೆಯಲ್ಲಿ, ಬಾಲಕನ ಪರವಾಗಿ ಕಾಯಬೇಕಾದ ಖಜಾನೆಯಿಂದ ಇಂತಹ ವೆಚ್ಚಕ್ಕೆ ಕೈಹಾಕುವುದು ಸಾಮಾನ್ಯ ಧೈರ್ಯದ ಮಾತಾಗಿರಲಿಲ್ಲ.

ಗಣಿಯ ಹಸಿವು, ಜಲಪಾತದ ಬಲ

ಕೋಲಾರದ ಚಿನ್ನದ ಗಣಿಗಳು ದಿನದಿಂದ ದಿನಕ್ಕೆ ಆಳಕ್ಕಿಳಿಯುತ್ತಿದ್ದವು. ಆಳಕ್ಕೆ ಹೋದಷ್ಟೂ ನೀರೆತ್ತಲು, ಅದಿರು ಮೇಲೆಳೆಯಲು, ಅದನ್ನು ಪುಡಿಮಾಡಲು ಹೆಚ್ಚು ಶಕ್ತಿ ಬೇಕು. ಆ ಶಕ್ತಿ ಬರುತ್ತಿದ್ದುದು ಉಗಿ ಯಂತ್ರಗಳಿಂದ. ಅವುಗಳಿಗೆ ದೂರದಿಂದ ಕಲ್ಲಿದ್ದಲು ತರಿಸಬೇಕು, ಸುತ್ತಲಿನ ಕಾಡು ಕಡಿದು ಸೌದೆ ಒಟ್ಟಬೇಕು. ಗಣಿಯ ರಾಜಧನ ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಒಂದಾಗಿದ್ದರಿಂದ ಗಣಿಯ ಖರ್ಚಿನ ಚಿಂತೆ ದಿವಾನರ ಚಿಂತೆಯೂ ಆಗಿತ್ತು.

ಇತ್ತ ಶಿವನಸಮುದ್ರದಲ್ಲಿ ಕಾವೇರಿ ನೂರಾರು ಅಡಿ ಧುಮುಕುತ್ತಿತ್ತು. ಅಲ್ಲಿ ನೀರಿನ ಬಲವಿತ್ತು, ಕೊಳ್ಳುವವರಿರಲಿಲ್ಲ. ಕೋಲಾರದಲ್ಲಿ ಕೊಳ್ಳುವವರಿದ್ದರು, ನೀರಿರಲಿಲ್ಲ. ನಡುವಿನ ಅಂತರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಬೆಂಗಳೂರಿನಿಂದ ಹಿರಿಯೂರಿಗೆ ಇರುವ ದೂರಕ್ಕೆ ಹತ್ತಿರ ಹತ್ತಿರ ಎನ್ನಬಹುದು.

ಭಾರತಕ್ಕೆ ಜಲವಿದ್ಯುತ್ ಅಷ್ಟರಲ್ಲಿ ಬಂದಿತ್ತು. 1897ರಲ್ಲಿ ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ ಸಣ್ಣ ವಿದ್ಯುದಾಗಾರ ಆರಂಭವಾಗಿತ್ತು. ಆದ್ದರಿಂದ ಶಿವನಸಮುದ್ರವೇ ದೇಶದ ಮೊದಲನೆಯದೆಂಬ ಪ್ರಚಲಿತ ಮಾತು ಪೂರ್ತಿ ಸರಿಯಲ್ಲ. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸಿ ಇಷ್ಟು ದೂರಕ್ಕೆ ಸಾಗಿಸುವುದು ದೇಶಕ್ಕೆ ಹೊಸದು. ಹೊರಗೆ ನೋಡಿದರೂ ಉದಾಹರಣೆಗಳು ಬೆರಳೆಣಿಕೆಯಷ್ಟು. ಜರ್ಮನಿಯಲ್ಲಿ 1891ರಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿ ತೋರಿಸಲಾಗಿತ್ತು. ಅದು ವಸ್ತುಪ್ರದರ್ಶನಕ್ಕಾಗಿ ನಡೆದ ಪ್ರಯೋಗ. ನಯಾಗರ ಜಲಪಾತದ ವಿದ್ಯುತ್ 1896ರಲ್ಲಿ ಬಫಲೋ ನಗರ ಸೇರಿತಾದರೂ ಆ ದೂರ ಸುಮಾರು 40 ಕಿಲೋಮೀಟರ್ ಮಾತ್ರ.

ಮೈಸೂರಿನ ಸೇವೆಯಲ್ಲಿದ್ದ ಎಂಜಿನಿಯರ್ ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯರ್ ಅವರು ಕೆನಡಾ ಮೂಲದವರು. ಈ ಯೋಜನೆಯ ರೂಪರೇಷೆ ಅವರದು. ಸರ್ಕಾರ ಅವರನ್ನು ಯುರೋಪ್ ಮತ್ತು ಅಮೆರಿಕಕ್ಕೆ ಕಳುಹಿಸಿ, ಅಲ್ಲಿ ನಡೆಯುತ್ತಿದ್ದ ಕಾಮಗಾರಿಗಳನ್ನು ನೋಡಿ ಬರುವಂತೆ ಮಾಡಿತು. ಯಂತ್ರಕ್ಕೆ ಹಣ ಕಟ್ಟುವ ಮೊದಲು ಲೆಕ್ಕ ಸರಿಯಿದೆಯೇ ಎಂದು ಕಣ್ಣಾರೆ ಕಂಡು ಬರಲೆಂದು ಆಳನ್ನು ಕಳುಹಿಸಿದ ಈ ಕ್ರಮದಲ್ಲಿ ಹಳೆಯ ನ್ಯಾಯಾಂಗ ಅಧಿಕಾರಿಯ ಎಚ್ಚರ ಕಾಣುತ್ತದೆ.

ಆ ಲೆಕ್ಕ ಯಾವುದು?

ಲೆಕ್ಕದ ಮೂಲ ಜರ್ಮನಿಯ ಶಾಲಾ ಶಿಕ್ಷಕರೊಬ್ಬರದು. ಬೀಗ ತಯಾರಿಸುವವರ ಮಗನಾಗಿ 1789ರಲ್ಲಿ ಹುಟ್ಟಿದ ಜಾರ್ಜ್ ಸೈಮನ್ ಓಮ್ ಅವರು ಕಲೋನ್ ನಗರದಲ್ಲಿ ಪಾಠ ಹೇಳುತ್ತಲೇ ತಂತಿಗಳ ಮೇಲೆ ಪ್ರಯೋಗ ನಡೆಸಿದರು. 1827ರಲ್ಲಿ ಪ್ರಕಟವಾದ ಅವರ ಪುಸ್ತಕಕ್ಕೆ ತಾಯ್ನಾಡಿನಲ್ಲಿ ಸಿಕ್ಕ ಸ್ವಾಗತ ತಣ್ಣಗಿನದು. ಮನ್ನಣೆ ಬಂದದ್ದು 1841ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ನೀಡಿದಾಗ. 1854ರಲ್ಲಿ ಓಮ್ ತೀರಿಕೊಂಡಾಗ ಶೇಷಾದ್ರಿ ಅಯ್ಯರ್ ಒಂಬತ್ತು ವರ್ಷದ ಬಾಲಕ.

ಓಮ್ ಹೇಳಿದ್ದು ಇಷ್ಟು. ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಕರೆಂಟಿನಿಂದ ಭಾಗಿಸಿದರೆ ಆ ತಂತಿಯ ರೋಧ ಸಿಗುತ್ತದೆ. ವೋಲ್ಟೇಜನ್ನು ನೀರಿನ ಒತ್ತಡವೆಂದೂ, ಕರೆಂಟನ್ನು ಹರಿಯುವ ನೀರಿನ ಪ್ರಮಾಣವೆಂದೂ, ರೋಧವನ್ನು ಕೊಳವೆಯ ಇಕ್ಕಟ್ಟೆಂದೂ ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಇನ್ನು ಸಾಮರ್ಥ್ಯ ಬೇಕಾದರೆ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಬೇಕು. ವೋಲ್ಟೇಜ್ ವೋಲ್ಟ್‌ಗಳಲ್ಲಿ, ಕರೆಂಟು ಆಂಪಿಯರ್‌ಗಳಲ್ಲಿ ಇದ್ದರೆ ರೋಧ ಓಮ್‌ಗಳಲ್ಲಿಯೂ ಸಾಮರ್ಥ್ಯ ವ್ಯಾಟ್‌ಗಳಲ್ಲಿಯೂ ಬರುತ್ತದೆ.

ಮನೆಯ ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. 230 ವೋಲ್ಟಿನಲ್ಲಿ ಅದು 1,000 ವ್ಯಾಟಿನದೆಂದು ಬರೆದಿದ್ದರೆ, 1,000ವನ್ನು 230ರಿಂದ ಭಾಗಿಸಿದಾಗ ಕರೆಂಟು ಸುಮಾರು 4.35 ಆಂಪಿಯರ್. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್. ಲೆಕ್ಕ ಮುಗಿಯಿತು.

ಇನ್ನೊಂದು ಹೆಜ್ಜೆಯಿದೆ, ಶಿವನಸಮುದ್ರದ ಭವಿಷ್ಯ ನಿಂತದ್ದು ಅದರ ಮೇಲೆ. ತಂತಿಯಲ್ಲಿ ಶಾಖವಾಗಿ ಪೋಲಾಗುವ ಸಾಮರ್ಥ್ಯವನ್ನು ಕಂಡುಹಿಡಿಯಲು ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಬೇಕು. 1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಅವರು ಪ್ರಯೋಗದಿಂದ ತೋರಿಸಿಕೊಟ್ಟ ನಿಯಮವಿದು. ಕರೆಂಟು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಕರೆಂಟು ಹತ್ತರಷ್ಟಾದರೆ ನಷ್ಟ ನೂರರಷ್ಟು.

ಈಗ 92 ಮೈಲಿಯ ತಂತಿಗೆ ಬರೋಣ. ಗಣಿಗಳಿಗೆ ಬೇಕಿದ್ದುದು 4,000 ಅಶ್ವಶಕ್ತಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಹೀಗಾಗಿ ಒಟ್ಟು ಸುಮಾರು 30 ಲಕ್ಷ ವ್ಯಾಟ್. ಸಾಗಣೆಗೆ ಆರಿಸಿಕೊಂಡ ವೋಲ್ಟೇಜ್ ಸುಮಾರು 35,000. ಮೂರು ತಂತಿಗಳ, ಅಂದರೆ ತ್ರೀ ಫೇಸ್ ಮಾರ್ಗವಾದ್ದರಿಂದ 30 ಲಕ್ಷವನ್ನು 35,000ದಿಂದಲೂ ಮತ್ತೆ 1.732ರಿಂದಲೂ ಭಾಗಿಸಬೇಕು. ಪ್ರತಿ ತಂತಿಯಲ್ಲಿ ಹರಿಯುವ ಕರೆಂಟು ಸುಮಾರು 50 ಆಂಪಿಯರ್ ಎಂದಾಗುತ್ತದೆ.

ತಿಳಿವಳಿಕೆಗಾಗಿ, ಆ ಇಡೀ ದೂರಕ್ಕೆ ಒಂದೊಂದು ತಂತಿಯ ರೋಧ 60 ಓಮ್ ಎಂದು ಇಟ್ಟುಕೊಳ್ಳೋಣ. ಸುಮಾರು ಏಳೂಕಾಲು ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ 148 ಕಿಲೋಮೀಟರ್ ಉದ್ದದಲ್ಲಿ ಅಷ್ಟು ರೋಧವಿರುತ್ತದೆ. 50ನ್ನು 50ರಿಂದ, ಮತ್ತೆ 60ರಿಂದ ಗುಣಿಸಿದರೆ 1,50,000 ವ್ಯಾಟ್. ಮೂರು ತಂತಿಗಳಿಗೆ 4,50,000 ವ್ಯಾಟ್. ಕಳುಹಿಸಿದ್ದರಲ್ಲಿ ನೂರಕ್ಕೆ 15 ಭಾಗ ದಾರಿಯಲ್ಲೇ ಕರಗುತ್ತದೆ, 85 ಭಾಗ ಗಣಿ ಸೇರುತ್ತದೆ. ವ್ಯಾಪಾರಕ್ಕೆ ಇದು ಒಗ್ಗುವ ನಷ್ಟ.

ಅದೇ ಶಕ್ತಿಯನ್ನು ಅದೇ ತಂತಿಯಲ್ಲಿ 3,500 ವೋಲ್ಟಿನಲ್ಲಿ ಕಳುಹಿಸುತ್ತೇವೆ ಎಂದಿದ್ದರೆ? ಕರೆಂಟು 500 ಆಂಪಿಯರ್ ಆಗಬೇಕು. ನಷ್ಟ ನೂರು ಪಟ್ಟು ಏರಿ 4.5 ಕೋಟಿ ವ್ಯಾಟ್ ಆಗಬೇಕು. ಕಳುಹಿಸುವುದು 30 ಲಕ್ಷ, ಪೋಲಾಗುವುದು 4.5 ಕೋಟಿ! ಇದು ಅಸಾಧ್ಯದ ಮಾತು. 500 ಆಂಪಿಯರನ್ನು 60 ಓಮ್‌ಗಳ ತಂತಿಯಲ್ಲಿ ನೂಕಲು 30,000 ವೋಲ್ಟ್ ಬೇಕು, ಕೈಯಲ್ಲಿರುವುದೋ 3,500. ಅಷ್ಟು ಕರೆಂಟು ಹರಿಯುವುದೇ ಇಲ್ಲ.

ತಂತಿಯನ್ನು ದಪ್ಪ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು, ಆದರೆ ನಷ್ಟವನ್ನು ಮೊದಲಿನಷ್ಟಕ್ಕೇ ಇಳಿಸಲು ತಾಮ್ರ ನೂರು ಪಟ್ಟು ಬೇಕು. ಮೇಲಿನ ಉದಾಹರಣೆಯ ಮೂರು ತಂತಿಗಳ ತೂಕ ಸುಮಾರು 170 ಟನ್. ಅದರ ನೂರು ಪಟ್ಟು 17,000 ಟನ್. ಗಣಿಯ ಚಿನ್ನವನ್ನೆಲ್ಲ ಮಾರಿ ತಾಮ್ರ ಕೊಳ್ಳಬೇಕಾಗುತ್ತಿತ್ತು. ಆದ್ದರಿಂದ ವಿವೇಕದ ದಾರಿ ಒಂದೇ: ವೋಲ್ಟೇಜನ್ನು ಆ ಕಾಲದ ಯಂತ್ರ, ಪಿಂಗಾಣಿಗಳು ತಡೆಯುವಷ್ಟು ಎತ್ತರಕ್ಕೆ ಏರಿಸಿ, ಗಣಿಯ ಬಳಿ ಮತ್ತೆ ಇಳಿಸುವುದು.

ಪಣಕ್ಕಿಟ್ಟ ಹಣ, ಹೊತ್ತ ಹೊಣೆ

ಲೆಕ್ಕ ಕಾಗದದ ಮೇಲೆ ಸರಿಯಿದ್ದರೆ ಸಾಲದು. ಮುಂಗಾರಿನ ಗುಡುಗು, ಸಿಡಿಲು, ತೇವದ ನಡುವೆ 35,000 ವೋಲ್ಟಿನ ಮಾರ್ಗ ಉಳಿಯುವುದೇ? ಒಂದು ತಂತಿ ಹರಿದರೆ ಗಣಿಯ ಆಳದಲ್ಲಿ ನೀರೆತ್ತುವ ಯಂತ್ರ ನಿಲ್ಲುತ್ತದೆ. ಇಂತಹ ಅನುಮಾನಗಳು ಸಹಜವಾಗಿದ್ದವು. ಗಣಿಗಳ ಆಡಳಿತ ನೋಡುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಅಶ್ವಶಕ್ತಿಗೆ ಇಷ್ಟೆಂದು ವಾರ್ಷಿಕ ದರ ಕೊಟ್ಟು ವಿದ್ಯುತ್ ಕೊಳ್ಳಲು ಒಪ್ಪಿದರು. ಕೊಳ್ಳುವವರು ಖಚಿತವಾದ ಮೇಲೆ ಯೋಜನೆ ಮುಂದಕ್ಕೆ ಸಾಗಿತು. ವಿದ್ಯುತ್ ಯಂತ್ರೋಪಕರಣಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಬಂದವು. ಭಾರೀ ಯಂತ್ರಗಳನ್ನು ಜಲಪಾತದ ಬಳಿಗೆ ಸಾಗಿಸಲು ಆನೆಗಳನ್ನೂ ಎತ್ತಿನಗಾಡಿಗಳನ್ನೂ ಬಳಸಲಾಯಿತು.

ಖಾಸಗಿಯವರ ಕೈಗೆ ಜಲಪಾತವನ್ನು ಒಪ್ಪಿಸಿ ಬಾಡಿಗೆ ಪಡೆದು ಸುಮ್ಮನಿರುವ ದಾರಿಯನ್ನು ಸಂಸ್ಥಾನ ಹಿಡಿಯಲಿಲ್ಲ. ನಷ್ಟದ ಹೊಣೆ ತನ್ನದು, ಲಾಭವೂ ತನ್ನದು ಎಂದು ಸರ್ಕಾರವೇ ಯೋಜನೆಯನ್ನು ಕೈಗೆತ್ತಿಕೊಂಡಿತು. ಇದು ದಿವಾನರ ನಿರ್ಣಯಗಳಲ್ಲಿ ಬಹುಶಃ ಅತ್ಯಂತ ದೂರಗಾಮಿಯಾದದ್ದು.

ಇತ್ತ ಮಾರಿಕಣಿವೆಯಲ್ಲಿ 1898ರಿಂದಲೇ ಕಲ್ಲಿನ ಗೋಡೆ ಏಳುತ್ತಿತ್ತು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ ಅಣೆಕಟ್ಟಿಗೆ ಹೇಳಿ ಮಾಡಿಸಿದಂತಿದ್ದರೂ, ಅದನ್ನು ತುಂಬಿಸುವಷ್ಟು ನೀರು ವೇದಾವತಿಯಲ್ಲಿ ಬರುವುದೇ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಕಾಮಗಾರಿ 1907ರಲ್ಲಿ ಮುಗಿಯಿತು. ಮಹಾರಾಣಿಯವರ ಹೆಸರನ್ನೇ ಜಲಾಶಯಕ್ಕೆ ಇಡಲಾಯಿತು. ಅದು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ ಅದು ತುಂಬಿ ಹರಿಯಿತು. ಹಾಗೆಂದು ಜಲಾಶಯ ವ್ಯರ್ಥವಾಗಲಿಲ್ಲ. ತುಂಬದ ವರ್ಷಗಳಲ್ಲಿಯೂ ಅದು ಹಿರಿಯೂರಿನ ತೋಟಗಳಿಗೆ ನೀರುಣಿಸಿದೆ, ಚಿತ್ರದುರ್ಗದ ಬಾಯಾರಿಕೆ ತಣಿಸಿದೆ. ಆದರೆ ಮುಗಿಲಿನ ಲೆಕ್ಕವನ್ನು ತಂತಿಯ ಲೆಕ್ಕದಂತೆ ಮುಂಚಿತವಾಗಿ ಬರೆದಿಡಲಾಗದು ಎಂಬುದಕ್ಕೆ ಈ ಎರಡು ಕಾಮಗಾರಿಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಕಾಣದೇ ಹೋದ ಬೆಳಕು

ವರ್ಷಗಳ ದುಡಿಮೆ ದಿವಾನರ ಆರೋಗ್ಯವನ್ನು ತಿಂದುಹಾಕಿತ್ತು. 1901ರಲ್ಲಿ ಅವರು ಅನಾರೋಗ್ಯದ ಕಾರಣದಿಂದ ಅಧಿಕಾರದಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು, ಐವತ್ತಾರರ ವಯಸ್ಸಿನಲ್ಲಿ, ನಿಧನರಾದರು. ಆ ಹೊತ್ತಿಗೆ ಶಿವನಸಮುದ್ರದ ಕೆಲಸ ಇನ್ನೂ ನಡೆಯುತ್ತಿತ್ತು.

1902ರ ಜೂನ್ 30ರಂದು ಶಿವನಸಮುದ್ರದ ಯಂತ್ರಗಳು ತಿರುಗಿ ಕೋಲಾರದ ಗಣಿಗೆ ವಿದ್ಯುತ್ ಹರಿಯಿತು. ದಿವಾನರು ತೀರಿಕೊಂಡು ಒಂಬತ್ತೂವರೆ ತಿಂಗಳಾಗಿತ್ತು. ಮುಂದೆ ಐದಾರು ವಾರಗಳಲ್ಲಿ, ಆಗಸ್ಟ್ 8ರಂದು, ಕೃಷ್ಣರಾಜ ಒಡೆಯರ್ ಅವರು ಅಧಿಕಾರ ವಹಿಸಿಕೊಂಡರು. ಬಾಲಕನ ಪರವಾಗಿ ಕಾಯ್ದ ಖಜಾನೆಯಿಂದ ತೆಗೆದ ಹಣ ಅಷ್ಟರಲ್ಲಾಗಲೇ ಬೆಳಕಾಗಿ, ಆದಾಯವಾಗಿ ಮರಳಲು ತೊಡಗಿತ್ತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಗಣಿಗಳ ಬೇಡಿಕೆ ಹೆಚ್ಚಿದಂತೆ ಬೇಸಗೆಯಲ್ಲಿ ಕಾವೇರಿಯ ನೀರು ಸಾಲದಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ನೀರಾವರಿಯಷ್ಟೇ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವ ಅಗತ್ಯವೂ ಕಾರಣವಾಗಿತ್ತು. ವಿಶ್ವೇಶ್ವರಯ್ಯನವರ ಕಾಲದ ಸಾಧನೆಗಳ ಹಿಂದೆ ಶೇಷಾದ್ರಿ ಅಯ್ಯರ್ ಕಾಲದ ಒಂದು ತಂತಿ ಹೀಗೆ ಚಾಚಿಕೊಂಡಿದೆ.

1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಅಯ್ಯರ್ ಅವರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅದರ ಹಿಂದಿನ ಕೆಂಪು ಕಟ್ಟಡ ಅವರ ಸ್ಮಾರಕ ಭವನ. ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ. ಶೇಷಾದ್ರಿಪುರ ಬಡಾವಣೆಗೂ ಅವರದೇ ಹೆಸರು. ಅವರು ವಿದ್ಯುತ್ ತರಿಸಿದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ವಿದ್ಯುದಾಗಾರ ಮಾತ್ರ ಯಂತ್ರಗಳನ್ನು ಬದಲಿಸಿಕೊಂಡು, 42 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಉಳಿದುಕೊಂಡಿದೆ.

ಕೊಳವೆಬಾವಿಯ ಮೋಟರಿಗೂ ಅದೇ ನಿಯಮ

ಮತ್ತೆ ಬ್ರಹ್ಮಗಿರಿಯ ಸುತ್ತಲಿನ ಹೊಲಗಳಿಗೆ ಬರೋಣ. ಇಲ್ಲಿ ಕೊಳವೆಬಾವಿ ಇರುವ ಪ್ರತಿ ರೈತನಿಗೂ ಮೋಟರು ಸುಡುವ ಅನುಭವವಿದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ, ಮಾರ್ಗದ ಕೊನೆಯ ಹೊಲದಲ್ಲಿ ಇದು ಹೆಚ್ಚು. ಕಾರಣ ಶಿವನಸಮುದ್ರದ ಲೆಕ್ಕದಲ್ಲಿಯೇ ಇದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು. ಒಂದೇ ಮಾರ್ಗದಲ್ಲಿ ಪಂಪ್‌ಸೆಟ್‌ಗಳು ಹೆಚ್ಚಿದಷ್ಟೂ ಕರೆಂಟು ಹೆಚ್ಚು. ರೋಧವನ್ನು ಕರೆಂಟಿನಿಂದ ಗುಣಿಸಿದಷ್ಟು ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತದೆ.

ವೋಲ್ಟೇಜ್ ಇಳಿದಾಗ ಇಸ್ತ್ರಿ ಪೆಟ್ಟಿಗೆ ಕಡಿಮೆ ಕಾಯುತ್ತದೆ, ಅಷ್ಟೇ. 230ರ ಬದಲು 180 ವೋಲ್ಟ್ ಬಂದರೆ 1,000 ವ್ಯಾಟಿನ ಪೆಟ್ಟಿಗೆ ಸುಮಾರು 610 ವ್ಯಾಟಿಗೆ ಇಳಿಯುತ್ತದೆ. ಮೋಟರಿನ ಗುಣ ಬೇರೆ. ಆಳದಿಂದ ನೀರೆತ್ತುವ ಹೊರೆ ಅದರ ಮೇಲೆ ಹಾಗೆಯೇ ಇರುವುದರಿಂದ, ವೋಲ್ಟೇಜ್ ಇಳಿದರೆ ಅದು ಕರೆಂಟನ್ನು ಹೆಚ್ಚು ಎಳೆಯುತ್ತದೆ. 400 ವೋಲ್ಟ್ ಇರಬೇಕಾದಲ್ಲಿ 320 ಬಂದರೆ ಕರೆಂಟು ಸುಮಾರು ಕಾಲುಭಾಗ ಏರುತ್ತದೆ. ಕರೆಂಟನ್ನು ಕರೆಂಟಿನಿಂದ ಗುಣಿಸುವ ನಿಯಮದಂತೆ ಒಳಗಿನ ಸುರುಳಿಯ ಶಾಖ ಅರ್ಧಕ್ಕಿಂತಲೂ ಹೆಚ್ಚು ಏರುತ್ತದೆ. ಸುರುಳಿ ಸುಡುವುದು ಹೀಗೆ. ಮೋಟರಿನ ಮೇಲಿನ ಲೋಹದ ಫಲಕದಲ್ಲಿ ವೋಲ್ಟ್, ಆಂಪಿಯರ್, ಅಶ್ವಶಕ್ತಿ ಮೂರೂ ಬರೆದಿರುತ್ತವೆ. ಸ್ಟಾರ್ಟರ್ ಪೆಟ್ಟಿಗೆಯ ಮೀಟರುಗಳು ತೋರಿಸುವ ಸಂಖ್ಯೆಯನ್ನು ಫಲಕದ ಸಂಖ್ಯೆಯೊಂದಿಗೆ ಹೋಲಿಸಿ, ಆಂಪಿಯರ್ ಮೀರಿದಾಗ ಮೋಟರು ನಿಲ್ಲಿಸುವ ರೈತ ರೀವೈಂಡಿಂಗ್ ಖರ್ಚನ್ನು ಉಳಿಸಿಕೊಳ್ಳುತ್ತಾನೆ.

ನೆರೆಯ ಪಾವಗಡದ ಸೌರ ಉದ್ಯಾನದಿಂದ 2,050 ಮೆಗಾವ್ಯಾಟ್ ವಿದ್ಯುತ್ತನ್ನು ಹೊರಗೆ ಸಾಗಿಸುವಾಗಲೂ ವೋಲ್ಟೇಜನ್ನು ಮೊದಲು ಏರಿಸಿಯೇ ಕಳುಹಿಸಬೇಕು. ದೇಶದಲ್ಲಿ ಇಂದು 7,65,000 ವೋಲ್ಟಿನ ಮಾರ್ಗಗಳಿವೆ. 35,000 ಎಲ್ಲಿ, 7,65,000 ಎಲ್ಲಿ! ಆದರೂ ನಿಯಮ ಬದಲಾಗಿಲ್ಲ: ದೂರ ಹೆಚ್ಚಿದಂತೆ ವೋಲ್ಟೇಜ್ ಏರಿಸು, ಕರೆಂಟು ಇಳಿಸು, ತಾಮ್ರ ಉಳಿಸು.

ಶೇಷಾದ್ರಿ ಅಯ್ಯರ್ ಈ ಲೆಕ್ಕವನ್ನು ಕಂಡುಹಿಡಿದವರಲ್ಲ. ಅದನ್ನು ಮಾಡಿಕೊಟ್ಟವರೂ ಬೇರೆಯವರು. ಲೆಕ್ಕ ಬಲ್ಲವರ ಮಾತನ್ನು ಪರೀಕ್ಷಿಸಿ, ಸರಿಯೆಂದು ಮನವರಿಕೆಯಾದ ಮೇಲೆ ಸಂಸ್ಥಾನದ ಹಣವನ್ನೂ ತಮ್ಮ ಹೆಸರನ್ನೂ ಅದರ ಮೇಲಿಟ್ಟವರು ಅವರು. ಹೊಸದೊಂದು ಯೋಜನೆ ಬಂದಾಗಲೆಲ್ಲ ಪರ ವಿರೋಧದ ಗದ್ದಲದಲ್ಲಿ ಲೆಕ್ಕವೇ ಮರೆಯಾಗುವುದನ್ನು ಇಂದಿಗೂ ಕಾಣುತ್ತೇವೆ. ಮಾರಿಕಣಿವೆಯ ಕೋಡಿ ನೋಡಲು ಹೋಗುವವರು, ಶಿವನಸಮುದ್ರದ ಜಲಪಾತ ನೋಡಲು ಹೋಗುವವರು, ಆ ಎರಡು ಕಡೆಯೂ ಕೆಲಸ ಮುಗಿಯುವ ಮೊದಲೇ ಕಣ್ಮುಚ್ಚಿದ ಈ ದಿವಾನರನ್ನು ಒಮ್ಮೆ ನೆನೆದರೆ ತಪ್ಪಾಗದು.